ಆನ್ ಬ್ರಾಡ್‌ಸ್ಟ್ರೀಟ್: ಕುಟುಂಬವೂ ಕಾವ್ಯವೂ

ಅಮೆರಿಕದ ಇಂಗ್ಲಿಷ್ ಸಾಹಿತ್ಯದ ಚರಿತ್ರೆಯನ್ನು ಬರೆಯುವವರು ಮೊದಲ ಕವಿಯ ಪೀಠವನ್ನು ಆನ್ ಬ್ರಾಡ್‌ಸ್ಟ್ರೀಟಳಿಗೆ ಕೊಡುವುದು ವಾಡಿಕೆ. ಕೊಟ್ಟ ಮರುಕ್ಷಣವೇ ಅವರು ಅವಳನ್ನು ಎರಡಾಗಿ ಸೀಳುತ್ತಾರೆ. 1650ರಲ್ಲಿ ಲಂಡನ್ನಿನಲ್ಲಿ ಅಚ್ಚಾದ 'ದಿ ಟೆಂತ್ ಮ್ಯೂಸ್' ಎಂಬ ಗ್ರಂಥದ ದೀರ್ಘಕವಿತೆಗಳೆಲ್ಲ ಒಂದು ಪಾಲು; ಗಂಡ, ಮಕ್ಕಳು, ಮೊಮ್ಮಕ್ಕಳು, ಸುಟ್ಟುಹೋದ ಮನೆ ಇವುಗಳನ್ನು ಕುರಿತ ಚಿಕ್ಕ ಕವಿತೆಗಳು ಇನ್ನೊಂದು ಪಾಲು. ಮೊದಲನೆಯದು ಪಾಂಡಿತ್ಯದ ಒಣಗಲು, ಅನುಕರಣ. ಎರಡನೆಯದು ಹೃದಯದ ಮಾತು, ಆದುದರಿಂದ ಕಾವ್ಯ ಎಂದು ತೀರ್ಪು. ಇತ್ತೀಚಿನ ವಿಮರ್ಶೆ ಈ ತೀರ್ಪಿಗೆ ಮತ್ತೊಂದನ್ನು ಜೋಡಿಸಿದೆ. ಎರಡನೆಯ ಪಾಲಿನಲ್ಲಿ ಕಾಣುವ ದುಃಖದ ಒಳಗೆ ದೇವರ ವಿರುದ್ಧವೂ ಪುರುಷಪ್ರಧಾನವಾದ ಪ್ಯೂರಿಟನ್ ಸಮಾಜದ ವಿರುದ್ಧವೂ ಹುದುಗಿಸಿಟ್ಟ ಬಂಡಾಯವಿದೆ, ಭಕ್ತಿಯ ಕೊನೆಯ ಸಾಲುಗಳು ಅದರ ಮೇಲೆ ಹೊದಿಸಿದ ಬಟ್ಟೆ ಮಾತ್ರ ಎಂಬುದೇ ಆ ವಾದ. ನಮ್ಮ ವಿದ್ಯಾರ್ಥಿಗಳ ಉತ್ತರಪತ್ರಿಕೆಗಳಲ್ಲಿ ಈ ಎರಡು ಮಾತುಗಳೂ ಕಂಠಪಾಠವಾದಂತೆ ಬರುತ್ತಿರುವುದರಿಂದ ಅವನ್ನು ಆಕೆಯ ಜೀವನದ ಮತ್ತು ಕುಟುಂಬದ ಸಂಗತಿಗಳೊಡನೆ ಇಟ್ಟು ಪರೀಕ್ಷಿಸುವುದು ಅಪ್ರಸ್ತುತವಾಗಲಾರದು.

ಆನ್ ಹುಟ್ಟಿದ್ದು ಸುಮಾರು 1612ರಲ್ಲಿ, ಇಂಗ್ಲೆಂಡಿನ ನಾರ್ತಾಂಪ್ಟನ್ನಿನಲ್ಲಿ. ತಂದೆ ಥಾಮಸ್ ಡಡ್ಲಿ ಲಿಂಕನ್ ಪ್ರಭುವಿನ ಆಸ್ತಿಪಾಸ್ತಿಗಳ ಮೇಲ್ವಿಚಾರಕನಾಗಿದ್ದವನು. ಆ ಪ್ರಭುವಿನ ಮನೆತನದಲ್ಲಿ ಪುಸ್ತಕಗಳಿಗೆ ಕೊರತೆಯಿರಲಿಲ್ಲ. ಹುಡುಗಿಗೆ ಓದುವುದಕ್ಕೆ ಅಡ್ಡಿಯೂ ಇರಲಿಲ್ಲ. ಹದಿನಾರರ ವಯಸ್ಸಿನಲ್ಲಿ ಸಿಡುಬು ತಗುಲಿ ಬದುಕಿಕೊಂಡಳು. ಆಮೇಲೆ ಬಹುಬೇಗನೆ, 1628ರ ಸುಮಾರಿಗೆ, ಕೇಂಬ್ರಿಜ್ಜಿನ ಇಮ್ಯಾನ್ಯುಯೆಲ್ ಕಾಲೇಜಿನಲ್ಲಿ ಓದಿ ಬಂದಿದ್ದ ಸೈಮನ್ ಬ್ರಾಡ್‌ಸ್ಟ್ರೀಟನನ್ನು ಮದುವೆಯಾದಳು. 1630ರ ಏಪ್ರಿಲಿನಲ್ಲಿ ತಂದೆ, ತಾಯಿ, ಗಂಡ, ತಂಗಿಯರೊಡನೆ 'ಆರ್ಬೆಲ್ಲಾ' ಹಡಗನ್ನು ಹತ್ತಿದಳು. ಜೂನ್ 12ರಂದು ಹಡಗು ಸೇಲಂ ತೀರವನ್ನು ಮುಟ್ಟಿತು. ಹೊಸ ನೆಲವನ್ನೂ ಹೊಸ ನಡೆನುಡಿಗಳನ್ನೂ ಕಂಡಾಗ ತನ್ನ ಮನಸ್ಸು ಎದ್ದುನಿಂತಿತೆಂದೂ, ಇದು ದೈವಚಿತ್ತವೆಂದು ಮನವರಿಕೆಯಾದ ಮೇಲೆ ತಲೆಬಾಗಿ ಬಾಸ್ಟನ್ನಿನ ಸಭೆಯನ್ನು ಸೇರಿದೆನೆಂದೂ ಆಕೆ ಎಷ್ಟೋ ವರ್ಷಗಳ ಅನಂತರ ತನ್ನ ಮಕ್ಕಳಿಗಾಗಿ ಬರೆದಿಟ್ಟ ಗದ್ಯಪತ್ರದಲ್ಲಿ ಹೇಳಿಕೊಂಡಿದ್ದಾಳೆ.

ಆ ಮೊದಲ ಚಳಿಗಾಲ ಹೇಗಿತ್ತೆಂಬುದಕ್ಕೆ ತಂದೆಯ ಸಾಕ್ಷ್ಯವಿದೆ. 1631ರ ಮಾರ್ಚಿಯಲ್ಲಿ ಲಿಂಕನ್ ಪ್ರಭುವಿನ ಮಡದಿಗೆ ಬರೆದ ಕಾಗದದಲ್ಲಿ ಡಡ್ಲಿ ಹೇಳುವುದೇನೆಂದರೆ: ಬರೆಯಲು ಮೇಜಿಲ್ಲ, ಬೇರೆ ಕೋಣೆಯಿಲ್ಲ, ಬೆಂಕಿಯ ಬಳಿ ಕುಳಿತು ಮೊಣಕಾಲ ಮೇಲೆ ಕಾಗದವನ್ನಿಟ್ಟುಕೊಂಡು ಬರೆಯಬೇಕು, ಮನೆಯವರೆಲ್ಲ ಅಲ್ಲಿಗೇ ಬಂದು ಸೇರುವುದರಿಂದ ಹೇಳಬೇಕೆಂದುದು ಮರೆತುಹೋಗುತ್ತದೆ. ಏಪ್ರಿಲಿನಿಂದ ಡಿಸೆಂಬರಿನವರೆಗೆ ಸತ್ತವರು ಕನಿಷ್ಠಪಕ್ಷ 200 ಮಂದಿ ಎಂದು ಅವನ ಅಂದಾಜು. ವಸಾಹತಿನ ಉಪರಾಜ್ಯಪಾಲನ ಮನೆಯ ಸ್ಥಿತಿಯೇ ಇದು. ಆ ಬೆಂಕಿಯ ಸುತ್ತ ಗುಂಪುಗೂಡಿ ಡಡ್ಲಿಯ ಬರವಣಿಗೆಗೆ ಅಡ್ಡಿಯಾಗುತ್ತಿದ್ದವರಲ್ಲಿ ಹದಿನೆಂಟು ವರ್ಷದ ಆನಳೂ ಇದ್ದಳೆಂದು ಊಹಿಸಿದರೆ ತಪ್ಪಾಗಲಾರದು.

ಅಲ್ಲಿಂದ ಮುಂದೆ ಸಂಸಾರ ಊರಿಂದೂರಿಗೆ ಸರಿಯುತ್ತ ಹೋಯಿತು. ಚಾರ್ಲ್ಸ್‌ಟೌನ್, ಮುಂದೆ ಕೇಂಬ್ರಿಜ್ ಎನಿಸಿದ ನ್ಯೂಟೌನ್, 1635ರ ವೇಳೆಗೆ ಇಪ್ಸ್‌ವಿಚ್, ಹತ್ತು ವರ್ಷದ ತರುವಾಯ ಆಂಡೋವರ್. ಬಹುಕಾಲ ಮಕ್ಕಳಾಗಲಿಲ್ಲವೆಂದು ಮರುಗಿದವಳಿಗೆ ಎಂಟು ಮಕ್ಕಳಾದರು: ಸ್ಯಾಮ್ಯುಯೆಲ್, ಡೊರೊತಿ, ಸಾರಾ, ಸೈಮನ್, ಹ್ಯಾನ, ಮರ್ಸಿ, ಡಡ್ಲಿ, ಜಾನ್. ಎಂಟು ಮಂದಿಯೂ ಬೆಳೆದು ದೊಡ್ಡವರಾದರೆಂಬುದು ಆ ಕಾಲಕ್ಕೆ ಸಾಮಾನ್ಯ ಸಂಗತಿಯಲ್ಲ. 1659ರ ಕವಿತೆಯೊಂದರಲ್ಲಿ ಆಕೆ ಅವರನ್ನೆಲ್ಲ ಒಂದೇ ಗೂಡಿನ ಹಕ್ಕಿಗಳಾಗಿ ಕಂಡು, ಯಾವುದು ಎಲ್ಲಿಗೆ ಹಾರಿಹೋಯಿತು, ಯಾವುದು ಇನ್ನೂ ಬಳಿಯಲ್ಲಿದೆ ಎಂದು ಒಂದೊಂದಾಗಿ ಎಣಿಸುತ್ತಾಳೆ. ಕವಿತೆ ದೊಡ್ಡದಲ್ಲ, ಆದರೆ ಲೆಕ್ಕ ಎಲ್ಲಿಯೂ ತಪ್ಪಿಲ್ಲ. ಆಕೆಯ ಕುಟುಂಬ ಕವಿತೆಗಳಲ್ಲಿ ಭಾವಕ್ಕೆ ಆಧಾರವಾಗಿ ಯಾವಾಗಲೂ ಇಂಥದೊಂದು ಲೆಕ್ಕವಿರುತ್ತದೆ ಎಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಅದು ನಮಗೆ ಉಪಯೋಗಕ್ಕೆ ಬರುತ್ತದೆ.

ಆಂಡೋವರಿನ ವಿಷಯವಾಗಿ ಒಂದು ಮಾತು. ಆ ನೆಲವನ್ನು ಮ್ಯಾಸಚೂಸೆಟ್ಸ್ ಜನಾಂಗದ ನಾಯಕ ಕಟ್ಷಮಾಚೆ ಆರು ಪೌಂಡು ಹಣಕ್ಕೂ ಒಂದು ಕೋಟಿಗೂ ಮಾರಿದನೆಂದು 1646ರ ವಸಾಹತು ನ್ಯಾಯಸಭೆಯ ದಾಖಲೆ ಹೇಳುತ್ತದೆ. ರಾಜರ್ ಎಂಬ ಹೆಸರಿನ ಇಂಡಿಯನನೂ ಅವನ ಕಡೆಯವರೂ ಹೊಳೆಯಲ್ಲಿ ತಮ್ಮ ಊಟಕ್ಕೆ ಬೇಕಾದಷ್ಟು ಮೀನು ಹಿಡಿಯಬಹುದು. ಆದರೆ ಇಂಗ್ಲಿಷರ ಬೆಳೆಯನ್ನು ಕೆಡಿಸಿದರೆ ಅಥವಾ ಕದ್ದರೆ ಆ ಹಕ್ಕು ಹೋಗುತ್ತದೆ ಎಂಬ ಷರತ್ತೂ ಅದರಲ್ಲಿದೆ. ಊರವರ ಪರವಾಗಿ ಈ ವ್ಯವಹಾರವನ್ನು ನಡೆಸಿದವನು ಜಾನ್ ವುಡ್‌ಬ್ರಿಜ್. ಇವನು ಆಂಡೋವರಿನ ಮೊದಲ ಪಾದ್ರಿ, ಆನಳ ತಂಗಿ ಮರ್ಸಿಯ ಗಂಡ. ಮರುವರ್ಷ ಅತ್ತಿಗೆಯ ಹಸ್ತಪ್ರತಿಯನ್ನು ಲಂಡನ್ನಿಗೆ ಒಯ್ದವನೂ ಇವನೇ. ಆನಳ ಕಾವ್ಯದಲ್ಲಿ ಕಟ್ಷಮಾಚೆಯೂ ಇಲ್ಲ, ರಾಜರನೂ ಇಲ್ಲ. 'ಕಂಟೆಂಪ್ಲೇಷನ್ಸ್' ಎಂಬ ಆಕೆಯ ಅತ್ಯಂತ ಸುಂದರವಾದ ದೀರ್ಘಕವಿತೆಯಲ್ಲಿ ಶರತ್ಕಾಲದ ಬಣ್ಣವೇರಿದ ಮರಗಳಿವೆ, ಮಿಡತೆಯ ಮತ್ತು ಜೀರುಂಡೆಯ ಸದ್ದಿದೆ, ಕಡಲಿನತ್ತ ಹರಿಯುವ ಹೊಳೆಯಿದೆ, ಹೊಳೆಯಲ್ಲಿ ಮೀನಿದೆ. ಮೀನು ಹಿಡಿಯುವವನು ಮಾತ್ರ ಇಲ್ಲ. ಮರದ ಮೇಲೆ ಕುಳಿತು ಹಾಡುವ ಹಕ್ಕಿ ಫಿಲೊಮೆಲ್, ಎಂದರೆ ನೈಟಿಂಗೇಲ್; ಅದು ಅಮೆರಿಕದಲ್ಲಿಲ್ಲದ ಪಕ್ಷಿ! ಪುಸ್ತಕದಿಂದ ಹಾರಿಬಂದ ಹಕ್ಕಿಗೆ ಆ ಮರದಲ್ಲಿ ಎಡೆಯಿತ್ತು, ಆ ನೆಲದಲ್ಲಿ ಮೊದಲಿನಿಂದ ಇದ್ದವನಿಗೆ ಇರಲಿಲ್ಲ. ಇದನ್ನು ದೋಷಾರೋಪಣೆಯಾಗಿ ಹೇಳುತ್ತಿಲ್ಲ. ಆದರೆ ಬಂಡಾಯವನ್ನು ಸಾಲುಸಾಲುಗಳ ನಡುವೆ ಹುಡುಕುವ ವಿಮರ್ಶಕರು ಎದುರಿಗೇ ಇರುವ ಈ ಶೂನ್ಯವನ್ನು ಕಾಣದೆ ದಾಟುವುದು ಆಶ್ಚರ್ಯ. ಆಕೆ ಅನುಭವಿಸಿದ ಒತ್ತಡಗಳಷ್ಟೇ ಆಕೆ ಅನುಭವಿಸದೆ ಹೋದುವೂ ಆಕೆಯ ಕಾವ್ಯದ ಎಲ್ಲೆಯನ್ನು ಗೊತ್ತುಮಾಡುತ್ತವೆ.

ಈಗ ಆ ಪುಸ್ತಕದ ಕಡೆಗೆ ತಿರುಗೋಣ. ಲಂಡನ್ನಿನ ಸ್ಟೀಫನ್ ಬೌಟೆಲ್ ಎಂಬ ಪುಸ್ತಕವ್ಯಾಪಾರಿಗಾಗಿ 1650ರಲ್ಲಿ ಅದು ಅಚ್ಚಾಯಿತು. ಶೀರ್ಷಿಕೆಯ ಪುಟದಲ್ಲಿ ಕವಯಿತ್ರಿಯ ಹೆಸರಿಲ್ಲ. ಆ ಕಡೆಯ ಒಬ್ಬ ಕುಲೀನ ಸ್ತ್ರೀ ಎಂದಷ್ಟೇ ಇದೆ. ಆಕೆಯ ಅರಿವಿಲ್ಲದೆ ಅಚ್ಚು ಮಾಡಿಸುತ್ತಿದ್ದೇನೆಂದು ವುಡ್‌ಬ್ರಿಜ್ ಮುನ್ನುಡಿಯಲ್ಲಿ ಹೇಳಿ, ಇದು ನಿಜವಾಗಿಯೂ ಹೆಂಗಸಿನ ಕೃತಿಯೇ ಎಂದು ಸಾಕ್ಷಿ ನುಡಿಯುತ್ತಾನೆ. ಆಕೆ ನಡತೆಯಲ್ಲಿಯೂ ಗೃಹಕೃತ್ಯದಲ್ಲಿಯೂ ಎಲ್ಲರ ಗೌರವಕ್ಕೆ ಪಾತ್ರಳಾದವಳು, ಈ ಕವಿತೆಗಳು ನಿದ್ದೆಯಿಂದಲೂ ವಿಶ್ರಾಂತಿಯಿಂದಲೂ ಕಸಿದ ಗಳಿಗೆಗಳ ಫಲ ಎಂದು ಒತ್ತಿ ಹೇಳುತ್ತಾನೆ. ನಥಾನಿಯಲ್ ವಾರ್ಡ್ ಮೊದಲಾದವರ ಪ್ರಶಂಸಾಪದ್ಯಗಳು ಅದರ ಬೆನ್ನಿಗೆ ಬರುತ್ತವೆ. ಇಷ್ಟೊಂದು ಜಾಮೀನು ಏತಕ್ಕೆ? ಕಾಲದ ರೂಢಿ ಎಂದು ಹೇಳಿ ಮುಗಿಸುವುದು ಸುಲಭ. ಆದರೆ ಈ ಕುಟುಂಬಕ್ಕೆ ಬೇರೆ ಕಾರಣಗಳಿದ್ದುವು.

1637ರ ನವೆಂಬರಿನಲ್ಲಿ, ಮನೆಯಲ್ಲಿ ಸಭೆ ಸೇರಿಸಿ ಧರ್ಮವ್ಯಾಖ್ಯಾನ ಮಾಡುತ್ತಿದ್ದಳೆಂಬ ಕಾರಣಕ್ಕಾಗಿ ಆನ್ ಹಚಿನ್ಸನ್ನಳ ವಿಚಾರಣೆ ನಡೆಯಿತು. ಆಕೆಯನ್ನು ಪ್ರಶ್ನಿಸಿದ ಪೀಠದಲ್ಲಿ ಆನಳ ತಂದೆಯೂ ಇದ್ದ, ಗಂಡನೂ ಇದ್ದ. ಹಚಿನ್ಸನ್ನಳಿಗೆ ಗಡಿಪಾರಾಯಿತು. ಹತ್ತು ವರ್ಷ ಕಳೆಯಿತು. ಈ ಸಲ ಅಪವಾದ ಬಂದದ್ದು ಡಡ್ಲಿಯ ಮನೆಗೇ. ಆನಳ ತಂಗಿ ಸಾರಾ, ಬಾಸ್ಟನ್ನಿನ ಸಿರಿವಂತ ವರ್ತಕ ರಾಬರ್ಟ್ ಕೀನನ ಮಗನ ಹೆಂಡತಿ, ಇಂಗ್ಲೆಂಡಿಗೆ ಹೋಗಿ ಅಲ್ಲಿ ಉಪದೇಶ ಮಾಡತೊಡಗಿದಳು. ಗಂಡ ಅವಳನ್ನು ತೊರೆದು ಮಾವನಿಗೆ ಕಾಗದ ಬರೆದನು. 1647ರಲ್ಲಿ ಬಾಸ್ಟನ್ನಿನ ಸಭೆ ಅವಳನ್ನು ಬಹಿಷ್ಕರಿಸಿತು. ಅದೇ 1647ರಲ್ಲಿಯೇ ವುಡ್‌ಬ್ರಿಜ್ ಅಕ್ಕನ ಕವಿತೆಗಳನ್ನು ತೆಗೆದುಕೊಂಡು ಹಡಗು ಹತ್ತಿದನು. ವುಡ್‌ಬ್ರಿಜ್ಜನ ಸ್ವಂತ ಬಂಧುವರ್ಗದಲ್ಲಿಯೂ ಇಂಥದೇ ಪ್ರಕರಣ ನಡೆದಿತ್ತು. ಅವನ ಚಿಕ್ಕಮ್ಮ ಎಲಿಜಬೆತ್ ಏವರಿ ಇಂಗ್ಲೆಂಡಿನಲ್ಲಿ ಧಾರ್ಮಿಕ ಗ್ರಂಥವೊಂದನ್ನು ಅಚ್ಚು ಹಾಕಿಸಿದ್ದಳು. ಅವನ ಸೋದರಮಾವ, ನ್ಯೂಬರಿಯ ಪಾದ್ರಿ ಥಾಮಸ್ ಪಾರ್ಕರ್, ಹೆಣ್ಣಿನ ರೂಢಿಯನ್ನು ಮೀರಿ ಪುಸ್ತಕ ಅಚ್ಚು ಹಾಕಿಸಿದ್ದಕ್ಕಾಗಿ ಆ ಸೋದರಿಯನ್ನು ಖಂಡಿಸಿ ಬರೆದ ಬಹಿರಂಗ ಪತ್ರ ಲಂಡನ್ನಿನಲ್ಲಿ ಪ್ರಕಟವಾದದ್ದು 1650ರಲ್ಲಿ, ಎಂದರೆ 'ಟೆಂತ್ ಮ್ಯೂಸ್' ಹೊರಬಂದ ವರ್ಷದಲ್ಲಿಯೇ. ಸೋದರಮಾವ ಹೆಣ್ಣಿನ ಪುಸ್ತಕವನ್ನು ಖಂಡಿಸುತ್ತಿದ್ದಾನೆ, ಸೋದರಳಿಯ ಹೆಣ್ಣಿನ ಪುಸ್ತಕವನ್ನು ಅಚ್ಚು ಹಾಕಿಸುತ್ತಿದ್ದಾನೆ. ಮುನ್ನುಡಿಯ ಆ ಜಾಮೀನುಗಳು ಈ ಹಿನ್ನೆಲೆಯಲ್ಲಿ ಬೇರೆಯಾಗಿಯೇ ಕೇಳಿಸುತ್ತವೆ. ಡಡ್ಲಿಯ ಮನೆತನದಲ್ಲಿ ಹೆಣ್ಣು ಬಾಯಿಬಿಟ್ಟರೆ ಅನರ್ಥವೇ ಆಗಬೇಕಾಗಿಲ್ಲ ಎಂದು ತೋರಿಸುವ ಅಗತ್ಯ ಆ ಹೊತ್ತಿಗೆ ಮನೆಯವರಿಗಿತ್ತು. ಹಾಗೆಂದು ಅವರು ಬಾಯಿಬಿಟ್ಟು ಹೇಳಿದ್ದಕ್ಕೆ ದಾಖಲೆಯಿಲ್ಲ. ಇದು ಕಾಲಾನುಕ್ರಮದಿಂದ ನಾನು ಮಾಡುವ ಊಹೆ. ಆದರೆ ಈ ದಿನಾಂಕಗಳನ್ನು ಮರೆತು ಆ ಮುನ್ನುಡಿಯನ್ನು ಬರಿಯ ಸೌಜನ್ಯವೆಂದು ಓದುವುದಕ್ಕಿಂತ ಇದು ಮೇಲು.

ಆ ಗ್ರಂಥದ ಕವಿತೆಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಫ್ರೆಂಚ್ ಕವಿ ದು ಬಾರ್ತಾನ ಇಂಗ್ಲಿಷ್ ಅನುವಾದದ ನೆರಳೂ ರ್‍ಯಾಲಿಯ ಜಗಚ್ಚರಿತ್ರೆಯ ಹೊರೆಯೂ ಅವುಗಳ ಮೇಲೆ ದಟ್ಟವಾಗಿ ಬಿದ್ದಿವೆ. ನಾಲ್ಕು ಸಾಮ್ರಾಜ್ಯಗಳನ್ನು ಕುರಿತ ಕಥನವನ್ನು ಇಂದು ಆದ್ಯಂತವಾಗಿ ಓದಬಲ್ಲವರು ಪರೀಕ್ಷಕರು ಮಾತ್ರ. ಆದರೂ ಎರಡು ಪಾಲುಗಳ ನಡುವಣ ಗೋಡೆ ಅಷ್ಟು ಗಟ್ಟಿಯಾದದ್ದಲ್ಲ. ಪಂಚಭೂತಗಳ ಬದಲು ಗ್ರೀಕರ ನಾಲ್ಕು ಭೂತಗಳನ್ನು ಹೇಳುವ ಕವಿತೆಯಲ್ಲಿ ಆ ಭೂತಗಳು ಜಗಳವಾಡುವ ಅಕ್ಕತಂಗಿಯರು. ದೇಹದ ನಾಲ್ಕು ರಸಧಾತುಗಳು ಅವರ ಹೆಣ್ಣುಮಕ್ಕಳು. ತಂದೆ ಡಡ್ಲಿಯೂ ಪ್ರಪಂಚದ ನಾಲ್ಕು ಭಾಗಗಳನ್ನು ಕುರಿತು ಒಂದು ಕವಿತೆ ಬರೆದಿದ್ದನು, ಅದು ಈಗ ದೊರೆಯುವುದಿಲ್ಲ. ಮಗಳು ತನ್ನ ಕವಿತೆಗಳನ್ನು ಅದರ ಬಡ ಬಂಧುಗಳೆಂಬಂತೆ ತಂದೆಗೆ ಅರ್ಪಿಸುತ್ತಾಳೆ. 1642ರ ಅಂತರ್ಯುದ್ಧವನ್ನು ಕುರಿತ ಸಂವಾದದಲ್ಲಿ ಹಳೆಯ ಇಂಗ್ಲೆಂಡು ರೋಗಿಯಾದ ತಾಯಿ, ಹೊಸ ಇಂಗ್ಲೆಂಡು ಆತಂಕಗೊಂಡು ವಿಚಾರಿಸುವ ಮಗಳು. ರಾಜಕೀಯವಾಗಲಿ ಭೌತಶಾಸ್ತ್ರವಾಗಲಿ ಆಕೆಯ ಕೈಗೆ ಬಂದರೆ ಅದು ನಂಟಸ್ತಿಕೆಯ ಭಾಷೆಯನ್ನೇ ಆಡುತ್ತದೆ. ಪುಸ್ತಕ ಅಚ್ಚಾಗಿ ಕೈಸೇರಿದಾಗ ಆಕೆ ಬರೆದ ಪದ್ಯವನ್ನೇ ನೋಡಿ: ತನ್ನ ಪುಸ್ತಕವನ್ನು ಆಕೆ ತನ್ನ ಒಪ್ಪಿಗೆಯಿಲ್ಲದೆ ಬೀದಿಗೆ ಬಂದ ಕುರೂಪಿ ಕೂಸು ಎಂದು ಕರೆದು, ಮುಖ ತೊಳೆದು, ಕಾಲುಗಳನ್ನು ನೀವಿ, ಬಟ್ಟೆ ತೊಡಿಸಲು ಹೊರಡುತ್ತಾಳೆ. ನೀವಿದ ಕಾಲುಗಳು ಪದ್ಯದ ಪಾದಗಳೂ ಹೌದು; ಇಲ್ಲಿನ ಶ್ಲೇಷೆ ಇಂಗ್ಲಿಷಿನಲ್ಲಿರುವಂತೆ ಕನ್ನಡದಲ್ಲಿಯೂ ಕೂಡುತ್ತದೆ. ಬೈಗುಳದೊಳಗೆ ಅಕ್ಕರೆಯನ್ನಿಟ್ಟ ಈ ಧ್ವನಿಯನ್ನು ವಿಮರ್ಶಕರೆಲ್ಲರೂ ಮೆಚ್ಚಿದ್ದಾರೆ, ಮೆಚ್ಚತಕ್ಕದ್ದೇ.

ಗಂಡನನ್ನು ಕುರಿತ ಕವಿತೆಗಳನ್ನು ಖಾಸಗಿ ಎಂದು ಕರೆಯುವುದು ಇನ್ನೂ ಕಷ್ಟ. ಅವುಗಳಲ್ಲಿ ಮುಖ್ಯವಾದುವು ಗಂಡ ಸಾರ್ವಜನಿಕ ಕಾರ್ಯದ ಮೇಲೆ ದೂರವಿದ್ದಾಗ ಬರೆದವು ಎಂದು ತಲೆಬರಹವೇ ಹೇಳುತ್ತದೆ. ಸೈಮನ್ ವಸಾಹತಿನ ಆಡಳಿತದಲ್ಲಿ ಮೊದಲಿನಿಂದ ಕೊನೆಯವರೆಗೆ ಇದ್ದವನು. 1662ರಲ್ಲಿ ಎರಡನೆಯ ಚಾರ್ಲ್ಸ್ ದೊರೆಯ ಬಳಿಗೆ ರಾಯಭಾರಿಯಾಗಿ ಹೋಗಿದ್ದನು. ಹೆಂಡತಿ ಸತ್ತ ಮೇಲೆ 1679ರಿಂದ 1686ರವರೆಗೂ, ಮರಳಿ 1689ರಿಂದ 1692ರವರೆಗೂ ರಾಜ್ಯಪಾಲನಾಗಿದ್ದನು. ಇಪ್ಸ್‌ವಿಚ್ಚಿನ ಮನೆಯಲ್ಲಿ ಆನ್ ಅನುಭವಿಸಿದ ವಿರಹ ಕೇವಲ ಪ್ರಣಯದ ವಿರಹವಲ್ಲ, ಸರ್ಕಾರದ ದುಡಿಮೆ ಸಂಸಾರದ ಮೇಲೆ ಹೇರಿದ ತೆರಿಗೆ. ಗಂಡನನ್ನು ಸೂರ್ಯನೆಂದೂ ಅವನು ಮಕರರಾಶಿಗೆ ಸರಿದುದರಿಂದ ತನ್ನ ನೆಲ ಹೆಪ್ಪುಗಟ್ಟಿತೆಂದೂ, ಕರ್ಕಾಟಕಕ್ಕೆ ಬಂದು ಉರಿಯಬೇಕೆಂದೂ ಆಕೆ ಕಲ್ಪಿಸುವಾಗ ದೇಹದ ಬೇಡಿಕೆಯನ್ನು ಮುಚ್ಚಿಡುವ ಪ್ರಯತ್ನವಿಲ್ಲ. ಪ್ಯೂರಿಟನ್ನರು ದಾಂಪತ್ಯದ ಸುಖವನ್ನು ಹೇಯವೆಂದು ತಿಳಿದಿದ್ದರೆಂಬ ನಮ್ಮ ಪಠ್ಯಪುಸ್ತಕಗಳ ಕಲ್ಪನೆಗೆ ಈ ಕವಿತೆಯೇ ಉತ್ತರ. ಹೆರಿಗೆಗೆ ಮುನ್ನ ಬರೆದ ಇನ್ನೊಂದು ಕವಿತೆಯಲ್ಲಿ, ತಾನು ಸತ್ತರೆ ಮಕ್ಕಳನ್ನು ಮಲತಾಯಿಯ ಕಾಟದಿಂದ ಕಾಪಾಡಬೇಕೆಂದು ಗಂಡನನ್ನು ಬೇಡುತ್ತಾಳೆ. ಅದು ಕವಿಸಮಯವಲ್ಲ. ಆನಳ ತಾಯಿ ಡೊರೊತಿ 1643ರ ಡಿಸೆಂಬರಿನಲ್ಲಿ ತೀರಿಕೊಂಡಾಗ ಡಡ್ಲಿ ಮುಂದಿನ ಏಪ್ರಿಲಿನಲ್ಲಿಯೇ ಮರುಮದುವೆಯಾದನು. ತಾಯಿಯ ಮೇಲೆ ಮಗಳು ಬರೆದ ಚರಮಪದ್ಯ ಸದ್ಗೃಹಿಣಿಯ ಗುಣಗಳ ಒಂದು ಪಟ್ಟಿ. 1653ರಲ್ಲಿ ತಂದೆ ಸತ್ತಾಗ ಬರೆದ ಪದ್ಯದಲ್ಲಿ ಅವನು ಹೊಸ ನಾಡಿನ ಸ್ಥಾಪಕರಲ್ಲೊಬ್ಬನಾಗಿ ನಿಲ್ಲುತ್ತಾನೆ. ಈ ಅಂತರ ಓದುಗರನ್ನು ಚುಚ್ಚದಿರದು.

ಇನ್ನು ಬಂಡಾಯದ ಪ್ರಶ್ನೆ. ಈ ವಾದದ ಮುಖ್ಯ ಆಧಾರ 1666ರ ಜುಲೈ 10ರಂದು ಆಂಡೋವರಿನ ಮನೆ ಸುಟ್ಟುದನ್ನು ಕುರಿತ ಕವಿತೆ. ರಾತ್ರಿ ಕೂಗು ಕೇಳಿ ಎದ್ದು ಹೊರಗೆ ಬಂದದ್ದು, ದೇವರು ಕೊಟ್ಟದ್ದನ್ನು ದೇವರೇ ತೆಗೆದುಕೊಂಡನೆಂದು ಒಪ್ಪಿಕೊಂಡದ್ದು ಮೊದಲ ಭಾಗ. ಆದರೆ ಕವಿತೆ ಅಲ್ಲಿಗೆ ನಿಲ್ಲುವುದಿಲ್ಲ. ಆಮೇಲೆ ಆಕೆ ಆ ಅವಶೇಷಗಳ ಪಕ್ಕದಲ್ಲಿ ನಡೆದು ಹೋಗುವಾಗಲೆಲ್ಲ ಕಣ್ಣು ಅತ್ತಲೇ ತಿರುಗುತ್ತದೆ: ಇಲ್ಲಿ ಪೆಟ್ಟಿಗೆಯಿತ್ತು, ಅಲ್ಲಿ ತಾನು ಕೂಡುತ್ತಿದ್ದ ಜಾಗ, ಇನ್ನು ಈ ಸೂರಿನ ಕೆಳಗೆ ಅತಿಥಿ ಬರುವುದಿಲ್ಲ, ದೀಪ ಬೆಳಗುವುದಿಲ್ಲ, ಮದುವಣಿಗನ ದನಿ ಕೇಳುವುದಿಲ್ಲ. ಬಳಿಕ ತನ್ನ ಮನಸ್ಸನ್ನೇ ಗದರಿಸಿಕೊಂಡು, ಮಹಾಶಿಲ್ಪಿ ಕಟ್ಟಿದ ಮೇಲಿನ ಮನೆಯನ್ನು ನೆನೆಯುತ್ತಾಳೆ. ಕಳೆದುಹೋದ ವಸ್ತುಗಳ ಭಾಗ ಸಜೀವವಾಗಿದೆ, ಪರಲೋಕದ ಭಾಗ ಹಾಗಿಲ್ಲ. ಆದುದರಿಂದ ಭಕ್ತಿ ಕೃತಕ, ದುಃಖವೇ ನಿಜ ಎಂದು ವಿಮರ್ಶಕರು ನಿರ್ಣಯಿಸುತ್ತಾರೆ.

ಸಜೀವತೆಯಲ್ಲಿ ವ್ಯತ್ಯಾಸವಿದೆ ಎಂಬುದನ್ನು ನಾನು ಒಪ್ಪುತ್ತೇನೆ. ಅದರಿಂದ ಎಳೆದ ನಿರ್ಣಯವನ್ನು ಒಪ್ಪಲಾರೆ. ಮೊದಲನೆಯದಾಗಿ, ಸಂಶಯವನ್ನು ಹೇಳಬೇಕಾದಾಗ ಈಕೆ ಅದನ್ನು ಬಚ್ಚಿಟ್ಟವಳಲ್ಲ. ಮಕ್ಕಳಿಗೆ ಬರೆದ ಗದ್ಯಪತ್ರದಲ್ಲಿ, ಧರ್ಮಗ್ರಂಥ ಸತ್ಯವೇ ಎಂಬ ಸಂದೇಹ ತನ್ನನ್ನು ಎಷ್ಟೋ ಸಲ ಕಾಡಿತೆಂದೂ, ದೇವರಿದ್ದಾನೆಂದು ತಿಳಿಯುವುದು ಹೇಗೆಂದು ಯೋಚಿಸಿದೆನೆಂದೂ, ಕ್ಯಾಥೊಲಿಕರ ಧರ್ಮವೇ ಏಕೆ ಸರಿಯಾಗಿರಬಾರದೆಂದು ಕೇಳಿಕೊಂಡೆನೆಂದೂ ಆಕೆ ನೇರವಾಗಿ ಬರೆದಿದ್ದಾಳೆ. ಪರಧರ್ಮ ಸಹಿಷ್ಣುತೆಯನ್ನೇ ಪಾಪವೆಂದು ಬಗೆದ ಥಾಮಸ್ ಡಡ್ಲಿಯ ಮಗಳು ಬರೆದ ಮಾತಿದು! ಇಷ್ಟನ್ನು ಸಾವಿಗೆ ಮುನ್ನ ಮಕ್ಕಳ ಕೈಗೆ ಕೊಡಬಲ್ಲವಳು ಸುಟ್ಟ ಪೆಟ್ಟಿಗೆಯ ಹಿಂದೆ ಸಂಶಯವನ್ನು ಅಡಗಿಸಿಡುವ ಕಾರಣವೇನು? ಎರಡನೆಯದಾಗಿ, ಆ ಕವಿತೆ ನಮಗೆ ಬಂದ ದಾರಿಯನ್ನು ನೋಡಬೇಕು. ಆಕೆ ಅದನ್ನು ಒಂದು ಬಿಡಿ ಹಾಳೆಯಲ್ಲಿ ಬರೆದಿದ್ದಳು. ಅದನ್ನು ನಕಲು ಮಾಡಿ ಉಳಿಸಿದವನು ಮಗ ಸೈಮನ್, ನ್ಯೂ ಲಂಡನ್ನಿನ ಪಾದ್ರಿ. ಅದೇ ಬೆಂಕಿಯಲ್ಲಿ ಅವನ ಪುಸ್ತಕಗಳೂ ಬಟ್ಟೆಗಳೂ ಬೂದಿಯಾಗಿದ್ದುವು. 1867ರಲ್ಲಿ ಜಾನ್ ಹಾರ್ವರ್ಡ್ ಎಲಿಸ್ ಸಂಪಾದಿಸಿದ ಸಮಗ್ರ ಕೃತಿಯಲ್ಲಿ ಅಚ್ಚಾಗುವವರೆಗೆ ಸುಮಾರು ಇನ್ನೂರು ವರ್ಷ ಅದು ಮನೆತನದ ಸ್ವತ್ತಾಗಿಯೇ ಇತ್ತು. ವೃತ್ತಿಯಿಂದ ಪಾದ್ರಿಯಾದ ಮಗ ತಾಯಿಯ ಹಾಳೆಗಳಲ್ಲಿ ದೇವದ್ರೋಹವನ್ನು ಕಂಡಿದ್ದರೆ ನಕಲು ಮಾಡುತ್ತಿರಲಿಲ್ಲ. ಅವನು ಕಂಡದ್ದು ತನ್ನ ಮತದವರಿಗೆ ಚಿರಪರಿಚಿತವಾದ ಸಾಧನೆಯನ್ನು. ಲೋಕದ ಮೇಲಣ ಮೋಹವನ್ನು ಮುಚ್ಚಿಡದೆ ಎಣಿಸಿ, ತೂಗಿ, ಎದುರಿಗಿಟ್ಟುಕೊಂಡು, ಅನಂತರ ಅದರಿಂದ ಬಿಡಿಸಿಕೊಳ್ಳಲು ಹೆಣಗುವುದು ಆ ಸಾಧನೆ. ಮೋಹ ಬಲವಾಗಿದ್ದರೆ ಮಾತ್ರ ಹೆಣಗಾಟಕ್ಕೆ ಅರ್ಥ. ಕರುಣರಸ ಮುಂದಾಗಿ ಶಾಂತ ಹಿಂದುಳಿದಿದೆ ಎಂದು ಹೇಳಿ. ಅದು ಕಾವ್ಯದ ತಾರತಮ್ಯದ ಮಾತು. ಶಾಂತವನ್ನು ಸುಳ್ಳೆಂದು ಹೇಳುವುದು ಬೇರೆ ಮಾತು.

ಉತ್ತರ ಆಂಡೋವರಿನಲ್ಲಿ ಬಹುಕಾಲ ಬ್ರಾಡ್‌ಸ್ಟ್ರೀಟರ ಮನೆಯೆಂದು ಯಾತ್ರಿಕರಿಗೆ ತೋರಿಸುತ್ತಿದ್ದ ಕಟ್ಟಡ ವಾಸ್ತವವಾಗಿ 1715ರ ಸುಮಾರಿನಲ್ಲಿ ಕಟ್ಟಿದ್ದೆಂದು ಆಮೇಲೆ ಗೊತ್ತಾಯಿತು. ಸುಟ್ಟ ಮನೆಯೂ ಇಲ್ಲ, ಮರಳಿ ಕಟ್ಟಿದ ಮನೆಯೂ ಇಲ್ಲ.

ಮೊಮ್ಮಕ್ಕಳ ಶೋಕಗೀತೆಗಳಲ್ಲಿ ಪ್ರಶ್ನೆ ಇನ್ನೂ ಸೂಕ್ಷ್ಮವಾಗುತ್ತದೆ. ಹಿರಿಯ ಮಗ ಸ್ಯಾಮ್ಯುಯೆಲ್ ವೈದ್ಯ. ಅವನ ಹೆಂಡತಿ ಮರ್ಸಿ. ಅವರ ಮಗಳು ಎಲಿಜಬೆತ್ ಒಂದೂವರೆ ವರ್ಷದವಳಾಗಿದ್ದಾಗ 1665ರ ಆಗಸ್ಟಿನಲ್ಲಿ ಸತ್ತಳು. ಅಜ್ಜಿಯ ಹೆಸರನ್ನೇ ಇಟ್ಟಿದ್ದ ಆನ್ 1669ರ ಜೂನ್ 20ರಂದು, ಮೂರು ವರ್ಷ ಏಳು ತಿಂಗಳಿಗೆ. ಗಂಡುಮಗು ಸೈಮನ್ 1669ರ ನವೆಂಬರ್ 16ರಂದು, ಒಂದು ತಿಂಗಳು ಒಂದು ದಿನಕ್ಕೆ. ಮೊದಲ ಗೀತೆಯಲ್ಲಿ ಹಣ್ಣಾದ ಮೇಲೆ ಉದುರುವುದು ಪ್ರಕೃತಿ, ಮೊಗ್ಗಿನಲ್ಲಿ ಉದುರುವುದು ದೈವದ ಕೈ ಎಂಬ ಕಲ್ಪನೆಯಿದೆ. ಎರಡನೆಯದರಲ್ಲಿ ಬಾಡುವ ಹೂ, ನೀರಗುಳ್ಳೆ, ಒಡೆಯುವ ಗಾಜು ಇಂಥವನ್ನು ಶಾಶ್ವತವೆಂದು ನಂಬಿದ ತನ್ನನ್ನೇ ಮೂರ್ಖಳೆಂದುಕೊಳ್ಳುತ್ತಾಳೆ. ಮೂರನೆಯದು ಬಹು ಚಿಕ್ಕದು, ಬಹು ಕಠಿಣ. ಅಲ್ಲಿ ದೇವರು ದಯಾಮಯನೆಂದು ಆಕೆ ಸಾರುವುದಿಲ್ಲ. ಹಾಗೆಂದು ಹೇಳೋಣ, ಮೌನವಾಗಿರೋಣ ಎಂದು ತನ್ನನ್ನೂ ಇತರರನ್ನೂ ಒಡಂಬಡಿಸುತ್ತಾಳೆ. ನಮ್ಮ ವೈಯಾಕರಣರ ಮಾತಿನಲ್ಲಿ ಹೇಳುವುದಾದರೆ ನಿಶ್ಚಯಾರ್ಥದ ಜಾಗದಲ್ಲಿ ವಿಧ್ಯರ್ಥ ಬಂದಿದೆ. ಆ ಒಂದು ಕ್ರಿಯಾರೂಪದ ಮೇಲೆ ವಿಮರ್ಶಕರು ದೊಡ್ಡ ಕಟ್ಟಡವನ್ನು ಕಟ್ಟಿದ್ದಾರೆ: ನಂಬಿಕೆ ಸಾವಿನಿಂದ ಸಾವಿಗೆ ಸವೆಯುತ್ತ ಬಂದು, ಕೊನೆಗೆ ಕಹಿಯಾದ ವ್ಯಂಗ್ಯವಾಗಿ ಮುಗಿಯಿತೆಂದು.

ಈ ಇಳಿಜಾರಿನ ಚಿತ್ರಕ್ಕೆ ಕಾಲಾನುಕ್ರಮವೇ ಆಧಾರ. ಕಾಲಾನುಕ್ರಮವೇ ಅದನ್ನು ಮುರಿಯುತ್ತದೆ. ಕವಯಿತ್ರಿ ಸತ್ತದ್ದು 1672ರ ಸೆಪ್ಟೆಂಬರ್ 16ರಂದು. 1678ರಲ್ಲಿ ಬಾಸ್ಟನ್ನಿನಲ್ಲಿ ಅಚ್ಚಾದ ಎರಡನೆಯ ಆವೃತ್ತಿಯಲ್ಲಿ ಈ ಗೀತೆಗಳು ಮೊದಲ ಬಾರಿಗೆ ಬೆಳಕು ಕಂಡುವು. ಅದರಲ್ಲಿ ಸೊಸೆ ಮರ್ಸಿಯ ಮೇಲಣ ಶೋಕಗೀತೆಯೂ ಇದೆ. ಅದರ ತಲೆಬರಹ ಆಕೆ 1669ರ ಸೆಪ್ಟೆಂಬರ್ 6ರಂದು ತೀರಿಕೊಂಡಳೆಂದು ಹೇಳುತ್ತದೆ. ಹಾಗಾದರೆ ಮರ್ಸಿಯ ಗೀತೆ ಮೊದಲು, ಮಗು ಸೈಮನ್ನನದು ಕೊನೆಯದು. ಆದರೆ ಸೈಮನ್ ನವೆಂಬರ್ 16ರಂದು ಒಂದು ತಿಂಗಳು ಒಂದು ದಿನದ ಮಗುವಾಗಿದ್ದರೆ ಅವನು ಹುಟ್ಟಿದ್ದು ಅಕ್ಟೋಬರ್ 15ರಂದು. ಸೆಪ್ಟೆಂಬರಿನಲ್ಲಿ ಸತ್ತ ತಾಯಿಗೆ ಅಕ್ಟೋಬರಿನಲ್ಲಿ ಮಗು ಹುಟ್ಟಲಾರದಷ್ಟೆ. ಗೀತೆಯ ಒಡಲಿನಲ್ಲಿಯೂ ಸಾಕ್ಷ್ಯವಿದೆ. ಮರ್ಸಿ ಅವಧಿಗೆ ಮುನ್ನ ಹೆತ್ತ ಕೂಸು ಐದನೆಯದು, ಅದು ಉಳಿಯಲಿಲ್ಲ. ನಾಲ್ಕು ಮಕ್ಕಳೊಡನೆ ಆಕೆ ಈಗ ವಿಶ್ರಾಂತಿಯಲ್ಲಿದ್ದಾಳೆ, ಒಬ್ಬಳು ಮಾತ್ರ ಉಳಿದಿದ್ದಾಳೆ ಎಂದು ಕವಯಿತ್ರಿ ಲೆಕ್ಕ ಹೇಳುತ್ತಾಳೆ. ಎಲಿಜಬೆತ್, ಆನ್, ಸೈಮನ್, ಈ ಕೂಸು, ಒಟ್ಟು ನಾಲ್ಕು. ಎಂದರೆ ಮರ್ಸಿ ಸಾಯುವ ಹೊತ್ತಿಗೆ ಸೈಮನ್ ಆಗಲೇ ಸತ್ತಿದ್ದನು. ತಲೆಬರಹದ ವರ್ಷ ತಪ್ಪು. ಅದನ್ನು 1670 ಎಂದು ತಿದ್ದಿ ಓದಬೇಕು, ವಿದ್ವಾಂಸರು ಹಾಗೆ ತಿದ್ದಿಕೊಂಡೂ ಇದ್ದಾರೆ. ಗೂಡಿನ ಹಕ್ಕಿಗಳನ್ನು ತಪ್ಪದೆ ಎಣಿಸಿದವಳು ಇಲ್ಲಿಯೂ ತಪ್ಪದೆ ಎಣಿಸಿದ್ದಾಳೆ, ತಪ್ಪಿದ್ದು ಅಚ್ಚಿನಲ್ಲಿ.

ತಿದ್ದಿದ ಮೇಲೆ ಕ್ರಮ ಬದಲಾಗುತ್ತದೆ. ಎಲಿಜಬೆತ್, ಆನ್, ನಡುವೆ 1669ರ ಆಗಸ್ಟ್ 31ರಂದು ಆಕೆ ತನ್ನ ಕೈಯಾರೆ ಬರೆದ, ದಣಿದ ಯಾತ್ರಿಕನ ಕವಿತೆ, ಆಮೇಲೆ ಸೈಮನ್ನನ ಆ ಬಿಗಿದ ತುಟಿಯ ಗೀತೆ, ಎಲ್ಲಕ್ಕೂ ಕೊನೆಯಲ್ಲಿ ಮರ್ಸಿಯದು. ಈ ಕೊನೆಯ ಗೀತೆಯಲ್ಲಿ ಬಿಗಿತವೆಲ್ಲ ಸಡಿಲವಾಗಿದೆ. ಕೊಂಬೆಗಳನ್ನು ಕಡಿದ ಮೇಲೆ ಮರವೇ ಉರುಳಿತು, ಹತ್ತಿರ ನಿಂತಿದ್ದ ತಾನೂ ಅದರಡಿ ನಜ್ಜುಗುಜ್ಜಾದೆ ಎಂದು ಮುದುಕಿ ಬಾಯಿಬಿಟ್ಟು ಅಳುತ್ತಾಳೆ. ಮಗ ಸ್ಯಾಮ್ಯುಯೆಲ್ ಆಗ ಸಮುದ್ರದ ಮೇಲಿದ್ದನು, ಅವನಿಗೆ ಸುದ್ದಿಯೂ ತಿಳಿಯದು. ಅವನನ್ನು ಉದ್ದೇಶಿಸಿ, ನೀನು ಕಳೆದುಕೊಂಡದ್ದು ಹೆಂಡತಿಯನ್ನು, ನಾನು ಮಗಳನ್ನು ಎಂದು ದುಃಖದಲ್ಲಿ ಪಾಲು ಕೇಳಿ, ಈ ನೋವನ್ನು ಕೊಟ್ಟವನಲ್ಲಿಯೇ ಸಮಾಧಾನವಿದೆಯೆಂದು ಸಂತೈಸುತ್ತಾಳೆ. ಸೈಮನ್ನನ ಗೀತೆಯಲ್ಲಿ ಮಾತಿಗಿಂತ ಮೌನವನ್ನು ಆರಿಸಿಕೊಂಡವಳು ಹತ್ತು ತಿಂಗಳ ತರುವಾಯ ಇಷ್ಟು ಉದ್ದವಾಗಿ ಮಾತನಾಡಿದಳು. ಕವಿತೆಯಾಗಿ ಇದು ಸೈಮನ್ನನ ಗೀತೆಗೆ ಸರಿಯಾಗದು. ಹರಡಿಕೊಂಡಿದೆ, ಉಪಮೆಗಳು ಹಳೆಯವು. ಆದರೆ ನಂಬಿಕೆ ಕ್ರಮವಾಗಿ ಸವೆದು ವ್ಯಂಗ್ಯಕ್ಕೆ ಇಳಿಯಿತೆಂಬ ಕಥೆಗೆ ಇದರೆದುರು ನಿಲ್ಲಲು ಕಾಲಿಲ್ಲ. ನವೆಂಬರಿನ ಆ ವಿಧ್ಯರ್ಥ ಆ ನವೆಂಬರಿನದು. ಒಂದು ಸಾವಿನ ಎದುರಿಗೆ ಒಂದು ದಿನ ಬಾಯಿಗೆ ಬಂದಷ್ಟು ಮಾತು. ಅದಕ್ಕಿಂತ ಹೆಚ್ಚನ್ನು ಅದರಿಂದ ಹಿಂಡಬಾರದು.

ಮಗಳು ಡೊರೊತಿ 1672ರ ಫೆಬ್ರವರಿಯಲ್ಲಿ, ತಾಯಿಗಿಂತ ಕೆಲವು ತಿಂಗಳು ಮುನ್ನ, ತೀರಿಕೊಂಡಳು. ಆಕೆಯ ಮೇಲೆ ತಾಯಿ ಬರೆದ ಪದ್ಯ ಯಾವುದೂ ನಮಗೆ ಉಳಿದು ಬಂದಿಲ್ಲ. ಸ್ಯಾಮ್ಯುಯೆಲ್ ಜಮೈಕದಲ್ಲಿ ನೆಲಸಿ ಅಲ್ಲಿಯೇ 1682ರಲ್ಲಿ ಸತ್ತನು. ಡಡ್ಲಿ ಮತ್ತು ಜಾನ್ ಎಂಬ ಕಿರಿಯ ಮಕ್ಕಳಿಬ್ಬರೂ 1692ರ ಮಾಟಗಾತಿಯರ ವಿಚಾರಣೆಯ ಕಾಲದಲ್ಲಿ ಆಪಾದಿತರಾಗಿ ಊರುಬಿಟ್ಟು ಓಡಬೇಕಾಯಿತು. ನ್ಯಾಯಾಧಿಕಾರಿಯಾಗಿದ್ದ ಡಡ್ಲಿ ಮೊದಲು ಎಷ್ಟೋ ಮಂದಿಯ ಮೇಲೆ ಬಂಧನಾಜ್ಞೆಗಳನ್ನು ಹೊರಡಿಸಿ, ಇನ್ನು ಹೊರಡಿಸಲಾರೆನೆಂದು ನಿರಾಕರಿಸಿದ ಮೇಲೆಯೇ ಆಪಾದನೆ ಅವನ ಕಡೆಗೆ ತಿರುಗಿತು. ಗಂಡ ಸೈಮನ್ 1676ರಲ್ಲಿ ಎರಡನೆಯ ಮದುವೆಯಾಗಿ, ತೊಂಬತ್ತು ದಾಟಿ ಬದುಕಿ, 1697ರಲ್ಲಿ ಸೇಲಂನಲ್ಲಿ ಸತ್ತನು. ಅಷ್ಟು ಹೊತ್ತಿಗೆ ಅವನ ಮನೆಯಲ್ಲಿ ಹ್ಯಾನ ಎಂಬ ಕಪ್ಪು ಹೆಂಗಸೂ ಬಿಲಾ ಎಂಬ ಅವಳ ಮಗಳೂ ಗುಲಾಮರಾಗಿದ್ದರು. ಆನ್ ತನ್ನ ಹೆಣ್ಣುಮಗಳೊಬ್ಬಳಿಗೆ ಇಟ್ಟಿದ್ದ ಹೆಸರೂ ಹ್ಯಾನ ಎಂಬುದೇ.